ಹಿಡಿತಕ್ಕೆ ಜೊತೆಯಾಗುವ ಹೊಡೆತ

ಒಂದು ವಿದ್ಯೆಯನ್ನು ಶ್ರದ್ಧೆಯಿಂದ ಕಲಿತವನಿಗೆ ಆ ವಿದ್ಯೆಯ ಬಲ ತಿಳಿಯುವಂತೆಯೇ ಅದರ ಕೊರತೆಯೂ ಒಂದು ದಿನ ತಿಳಿದೇ ತಿಳಿಯುತ್ತದೆ. ಆ ದಿನವೇ ಅವನ ವಿವೇಕಕ್ಕೆ ಪರೀಕ್ಷೆ. ಕೊರತೆಯನ್ನು ತುಂಬುವ ಆತುರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಸೇರಿಸಿದರೆ ಮೂಲವಿದ್ಯೆಯೇ ಕೆಡಬಹುದು. ಕೊರತೆಯೇ ಇಲ್ಲವೆಂದು ಹಟ ಹಿಡಿದರೆ ಆಪತ್ಕಾಲದಲ್ಲಿ ವಿದ್ಯೆ ಕೈಕೊಡಬಹುದು. ಜಪಾನಿನ ಜುಜುತ್ಸು ಎಂಬ ಹಿಡಿತದ ವಿದ್ಯೆಯನ್ನು ಅಭ್ಯಾಸ ಮಾಡುವವರ ಮುಂದೆ ತಲೆಮಾರುಗಳಿಂದ ನಿಂತಿರುವ ಪ್ರಶ್ನೆ ಇಂಥದೇ. ಎದುರಾಳಿಯನ್ನು ಹಿಡಿಯಲು, ಸಮತೋಲ ತಪ್ಪಿಸಲು, ಕೆಡವಲು, ನೆಲಕ್ಕೆ ಅದುಮಿ ನಿಲ್ಲಿಸಲು ಕಲಿತವನು ಅದಕ್ಕೆ ಜೊತೆಯಾಗಿ ಹೊಡೆತದ ಯಾವ ವಿದ್ಯೆಯನ್ನು ಆರಿಸಿಕೊಳ್ಳಬೇಕು? ಬಾಕ್ಸಿಂಗನ್ನೋ, ಥಾಯ್ಲೆಂಡಿನ ಮುಯ್ ಥಾಯ್ ಅನ್ನೋ, ಕೊರಿಯದ ಟೇಕ್ವಾಂಡೋವನ್ನೋ, ಕರಾಟೆಯನ್ನೋ?

ಮೇಲ್ನೋಟಕ್ಕೆ ಇದು ಗರಡಿಮನೆಯ ಪ್ರಶ್ನೆ. ನೀತಿವಿವೇಚನೆಗೂ ಇದಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದೂ ಹತ್ತಿರದ್ದು. ಕತ್ತಲ ಓಣಿಯಲ್ಲಿ ಅಪರಿಚಿತನೊಬ್ಬ ಕೊರಳಪಟ್ಟಿಗೆ ಕೈಹಾಕಿದಾಗ ಯುಕ್ತಾಯುಕ್ತ ವಿಚಾರ ಮಾಡಲು ಯಾರಿಗೂ ಸಮಯವಿರುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ದೃಷ್ಟಿ ಕಿರಿದಾಗುತ್ತದೆ, ಬೆರಳುಗಳ ನಯವಾದ ಚಲನೆ ಕುಂದುತ್ತದೆ. ಆಗ ಕೈ ತಾನು ಸಾವಿರ ಸಲ ಮಾಡಿದ್ದನ್ನೇ ಮತ್ತೊಮ್ಮೆ ಮಾಡುತ್ತದೆ. ಎಷ್ಟು ಬಲ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಧಾರ ಆ ಕ್ಷಣದಲ್ಲಿ ಆಗುವುದು ಕಡಿಮೆ. ಬಹುಮಟ್ಟಿಗೆ ಅದು ಅಭ್ಯಾಸವನ್ನು ಆರಿಸಿಕೊಂಡ ದಿನವೇ ಆಗಿಹೋಗಿರುತ್ತದೆ. ಆದ್ದರಿಂದ ಯಾವ ಹೊಡೆತವನ್ನು ಕಲಿಯಬೇಕೆಂಬ ಆಯ್ಕೆ, ಭಯದಲ್ಲಿ ತನ್ನ ಕೈ ಏನು ಮಾಡಬೇಕೆಂಬುದನ್ನು ಶಾಂತಮನಸ್ಸಿನಲ್ಲಿ ಮೊದಲೇ ನಿಶ್ಚಯಿಸುವ ಕಾರ್ಯ. ಇದನ್ನು ಕೇವಲ ಬಲದ ಲೆಕ್ಕದಲ್ಲಿ ತೀರ್ಮಾನಿಸುವುದು ಸರಿಯಲ್ಲ.

ಹಿಡಿತದ ಗುಣ

ಜುಜುತ್ಸು ಒಬ್ಬ ಗುರು ಕಟ್ಟಿದ ವಿದ್ಯೆಯಲ್ಲ. ಜಪಾನಿನ ಯೋಧವರ್ಗದಲ್ಲಿ ಬೆಳೆದ ಅನೇಕ ಪರಂಪರೆಗಳಿಗೆ ಒಟ್ಟಾಗಿ ಬಂದ ಹೆಸರು ಅದು. 'ಜು' ಎಂದರೆ ಮೃದು, ಬಾಗುವಂಥದು. 'ಜುತ್ಸು' ಎಂದರೆ ಕೌಶಲ. ಕವಚ ತೊಟ್ಟವನನ್ನು ಬರಿಗೈಯಿಂದ ಗುದ್ದಿ ಪ್ರಯೋಜನವಿಲ್ಲ. ಆದರೆ ಕವಚದೊಳಗೂ ಕೀಲುಗಳು ಕೀಲುಗಳೇ, ಎಡವಿದವನು ಬೀಳಲೇಬೇಕು. ಹಿಡಿದು ತಿರುಚುವ, ಕೆಡವುವ ಕ್ರಮಗಳು ಯುದ್ಧಭೂಮಿಯಲ್ಲಿ ಮುಖ್ಯವಾದುದಕ್ಕೆ ಇದೇ ಕಾರಣ. 1603ರಿಂದ 1868ರವರೆಗಿನ ತೋಕುಗಾವಾ ಆಡಳಿತದ ದೀರ್ಘ ಶಾಂತಿಕಾಲದಲ್ಲಿ ಕವಚ ತೊಡುವ ಸಂದರ್ಭಗಳು ವಿರಳವಾದವು. ನಿತ್ಯದ ಉಡುಪಿನಲ್ಲಿರುವ ಎದುರಾಳಿಯ ಮೇಲೆ ಹೊಡೆತಕ್ಕೂ ಬೆಲೆ ಬಂದಿತು. ಮರ್ಮಸ್ಥಾನಗಳಿಗೆ ಕೊಡುವ ಈ ಹೊಡೆತಕ್ಕೆ ಜಪಾನೀಯರು 'ಅಟೆಮಿ' ಎನ್ನುತ್ತಾರೆ. ತೆನ್‌ಜಿನ್ ಶಿನ್‌ಯೋ ಎಂಬ ಪರಂಪರೆ ಅದಕ್ಕೆ ಹೆಸರಾಗಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಡೆತ ಜುಜುತ್ಸುವಿಗೆ ಹೊರಗಿನದೇನೂ ಅಲ್ಲ. ಆದರೆ ಆ ಮನೆಯಲ್ಲಿ ಅದರ ಸ್ಥಾನ ಸೇವಕನದು. ಎದುರಾಳಿಯ ಗಮನವನ್ನು ಒಂದು ಕ್ಷಣ ಚದುರಿಸಲು, ಅವನ ಬೆನ್ನು ನೆಟ್ಟಗೆ ನಿಲ್ಲದಂತೆ ಮಾಡಲು, ಹಿಡಿತಕ್ಕೆ ಬಾಗಿಲು ತೆರೆಯಲು ಅದನ್ನು ಬಳಸುತ್ತಿದ್ದರು. ಕೆಲಸ ಮುಗಿಸುವುದು ಹಿಡಿತವೇ.

1882ರಲ್ಲಿ ಕಾನೋ ಜಿಗೋರೋ ಎಂಬ ತರುಣ ವಿದ್ವಾಂಸರು ಟೋಕಿಯೋದ ಏಯ್‌ಶೋಜಿ ಎಂಬ ಬೌದ್ಧಮಂದಿರದಲ್ಲಿ ಹನ್ನೆರಡು ಚಾಪೆಗಳ ಜಾಗದಲ್ಲಿ ಕೊಡೋಕಾನ್ ಗರಡಿಯನ್ನು ತೆರೆದರು. ಅವರು ತೆನ್‌ಜಿನ್ ಶಿನ್‌ಯೋ ಮತ್ತು ಕಿತೋ ಪರಂಪರೆಗಳಲ್ಲಿ ಪಳಗಿದವರು. ವಿದ್ಯಾರ್ಥಿಗಳು ಪೂರ್ಣಬಲದಿಂದ, ಆದರೆ ಅಂಗಭಂಗವಿಲ್ಲದೆ ಸೆಣಸಬೇಕೆಂಬುದು ಅವರ ಬಯಕೆ. ಆದ್ದರಿಂದ ಅವರು ಎಸೆತ ಮತ್ತು ಹಿಡಿತಗಳನ್ನು ಮುಕ್ತ ಅಭ್ಯಾಸಕ್ಕೆ ಬಿಟ್ಟು, ಹೊಡೆತಗಳನ್ನು ಮುಂಚಿತವಾಗಿ ಗೊತ್ತುಪಡಿಸಿದ 'ಕಾತಾ' ಎಂಬ ವಿನ್ಯಾಸಗಳೊಳಗೆ ಮಾತ್ರ ಉಳಿಸಿದರು. ಹೀಗೆ ಜೂಡೋ ರೂಪುಗೊಂಡಿತು. ಕೊಡೋಕಾನಿನಲ್ಲಿ ಕಲಿತ ಮಾಯೆದಾ ಮಿತ್ಸುಯೋ 1914ರಲ್ಲಿ ಬ್ರೆಜಿಲ್ ದೇಶವನ್ನು ಸೇರಿದರು. ಅವರಿಂದ ಅಲ್ಲಿ ಬೇರೂರಿದ ಶಾಖೆ ನೆಲದ ಮೇಲಿನ ಹಿಡಿತವನ್ನು ಬಹಳ ಸೂಕ್ಷ್ಮವಾಗಿ ಬೆಳೆಸಿತು. ಕಾನೋ ಅವರ ನಿರ್ಧಾರದಿಂದ ಹಿಡಿತದ ವಿದ್ಯೆ ಜೀವಂತವಾಗಿ ಉಳಿಯಿತು. ಆದರೆ ಹೊಡೆತದ ಅಂಗ ಬಳಕೆ ತಪ್ಪಿದ ಕತ್ತಿಯಂತೆ ಮಂಕಾಯಿತು. ಲಾಭನಷ್ಟ ಎರಡೂ ಒಂದೇ ನಿರ್ಧಾರದ ಫಲ.

ಹಿಡಿತಕ್ಕೆ ಒಂದು ದೊಡ್ಡ ಗುಣವಿದೆ. ಅದನ್ನು ಅಳೆದು ಕೊಡಬಹುದು. ತೋಳನ್ನು ತಿರುಚುವವನು ನೋವಿನ ಹಂತದಲ್ಲಿ ನಿಲ್ಲಬಹುದು, ಕೀಲು ಮುರಿಯುವ ಹಂತಕ್ಕೆ ಹೋಗದಿರಬಹುದು. ಸಿಕ್ಕಿಬಿದ್ದವನು ಎರಡು ಸಲ ಕೈತಟ್ಟಿದರೆ ಸೋಲೊಪ್ಪಿದಂತೆ. ಮರುಕ್ಷಣವೇ ಹಿಡಿತ ಸಡಿಲಾಗುತ್ತದೆ. ಇಬ್ಬರ ನಡುವೆ ಮಾತುಕತೆಗೆ ಅವಕಾಶ ಉಳಿದಿರುತ್ತದೆ. ಹಾಗೆಂದು ಹಿಡಿತ ನಿರಪಾಯಕಾರಿಯೆಂದು ಭಾವಿಸಬಾರದು. ಕತ್ತಿಗೆ ಹಾಕಿದ ಪಟ್ಟನ್ನು ಸಕಾಲದಲ್ಲಿ ಬಿಡದಿದ್ದರೆ ಪ್ರಾಣವೇ ಹೋಗಬಹುದು. ಆದರೆ ಬಿಡುವ ಅವಕಾಶ ಹಿಡಿದವನ ಕೈಯಲ್ಲಿ ಕೊನೆಯವರೆಗೂ ಇರುತ್ತದೆ ಎಂಬುದು ಮುಖ್ಯ.

ಹಿಡಿತದ ಕೊರತೆ ದೂರ. ಹಿಡಿಯಬೇಕಾದರೆ ಮೊದಲು ತಲುಪಬೇಕು. ತಲುಪುವ ಆ ಎರಡು ಹೆಜ್ಜೆಗಳ ನೆಲ ಹೊಡೆಯುವವನ ರಾಜ್ಯ. 1963ರ ಡಿಸೆಂಬರ್ 2ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಜೂಡೋಪಟು ಜೀನ್ ಲೆಬೆಲ್ ಮತ್ತು ಬಾಕ್ಸರ್ ಮೈಲೋ ಸ್ಯಾವೇಜ್ ಎದುರುಬದುರಾದರು. ನಾಲ್ಕನೆಯ ಸುತ್ತಿನಲ್ಲಿ ಲೆಬೆಲ್ ಅವರ ಕೈ ಎದುರಾಳಿಯ ಕೊರಳನ್ನು ಸೇರಿತು. ಸ್ಯಾವೇಜ್ ಪ್ರಜ್ಞೆ ತಪ್ಪಿದರು. 1976ರ ಜೂನ್ 26ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಮುಹಮ್ಮದ್ ಅಲಿ ಮತ್ತು ಜಪಾನಿನ ಮಲ್ಲ ಅಂಟೋನಿಯೋ ಇನೋಕಿ ಅವರ ನಡುವೆ ನಡೆದುದು ಬೇರೆಯೇ ರೀತಿ. ಬಿಗಿಯಾದ ಕಟ್ಟುಪಾಡುಗಳ ನಡುವೆ ಇನೋಕಿ ಬಹುಹೊತ್ತು ನೆಲದ ಮೇಲೆ ಮಲಗಿಯೇ ಅಲಿಯವರ ಕಾಲುಗಳನ್ನು ಒದೆಯುತ್ತಿದ್ದರು; ಅಲಿ ಹತ್ತಿರ ಬರಲಿಲ್ಲ. ಹದಿನೈದು ಸುತ್ತುಗಳು ಕಳೆದು ಪಂದ್ಯ ಸಮವಾಯಿತು; ಅಲಿಯವರ ಕಾಲುಗಳಿಗೆ ಆದ ಗಾಯ ಮಾತ್ರ ಅವರನ್ನು ಆಸ್ಪತ್ರೆಗೆ ಕಳಿಸಿತು. ಹಿಡಿತ ಸಿಕ್ಕರೆ ಹೊಡೆಯುವವನು ನಿಸ್ಸಹಾಯಕ, ಸಿಗದಿದ್ದರೆ ಹಿಡಿಯುವವನು ನಡುದಾರಿಯಲ್ಲಿ ನಿಂತ ಪಯಣಿಗ ಎಂಬುದನ್ನು ಈ ಎರಡು ಪಂದ್ಯಗಳು ತೋರಿಸಿದವು. ಎದುರಿಗೆ ಇಬ್ಬರು ಮೂವರಿದ್ದರೆ ಒಬ್ಬನನ್ನು ಹಿಡಿದು ನೆಲಕ್ಕೆ ಬೀಳುವುದು ಇನ್ನೂ ಅಪಾಯಕರ. ಆದ್ದರಿಂದ ಜುಜುತ್ಸು ಕಲಿತವನು ಹೊಡೆತವನ್ನೂ ಅರಿಯಬೇಕೆಂಬುದರಲ್ಲಿ ಸಂಶಯವಿಲ್ಲ. ಹೊಡೆಯಲೆಂದಲ್ಲದಿದ್ದರೂ, ಬರುವ ಹೊಡೆತವನ್ನು ಗುರುತಿಸಲಾದರೂ ಅರಿಯಲೇಬೇಕು.

ಹೊಡೆತದ ಗುಣ

ಹೊಡೆತ ಬಿಲ್ಲನ್ನು ಬಿಟ್ಟ ಬಾಣ. ಕೈಯಿಂದ ಹೊರಟ ಮೇಲೆ ಅದರ ಫಲ ಕೊಟ್ಟವನ ಅಧೀನದಲ್ಲಿರುವುದಿಲ್ಲ. ತಗಲಿಸಿಕೊಂಡವನು ಕುಡಿದಿದ್ದನೇ, ರೋಗಿಯಾಗಿದ್ದನೇ, ಅವನ ಬೆನ್ನ ಹಿಂದೆ ಕಲ್ಲಿತ್ತೇ, ಮೆಟ್ಟಿಲಿತ್ತೇ ಎಂಬ ಸಂಗತಿಗಳೇ ಫಲವನ್ನು ನಿರ್ಧರಿಸುತ್ತವೆ. ಒಂದೇ ಗುದ್ದಿಗೆ ಬಿದ್ದವನ ತಲೆ ರಸ್ತೆಯ ಅಂಚಿಗೆ ಬಡಿದು ಸಾವು ಸಂಭವಿಸಿದ ಪ್ರಕರಣಗಳು ಅನೇಕ ದೇಶಗಳಲ್ಲಿ ನಡೆದಿವೆ. ಹೊಡೆದವನ ಮನಸ್ಸಿನಲ್ಲಿ ಕೊಲ್ಲುವ ಉದ್ದೇಶ ಇದ್ದಿರಲಾರದು. ಆದರೆ ಹೆಣದ ಮುಂದೆ ನಿಂತವನಿಗೆ ಉದ್ದೇಶದ ಮಾತು ಎಷ್ಟು ಸಮಾಧಾನ ತಂದೀತು?

ಹೊಡೆಯುವವನಿಗೂ ಅಪಾಯ ತಪ್ಪಿದ್ದಲ್ಲ. ತಲೆಬುರುಡೆಗಿಂತ ಮುಷ್ಟಿಯ ಮೂಳೆಗಳು ತೆಳ್ಳಗಿನವು. ಕಿರುಬೆರಳಿನ ಬುಡದಲ್ಲಿ ಅಂಗೈಯೊಳಗಿರುವ ಮೂಳೆ ಗುದ್ದುವಾಗ ಮುರಿಯುವುದು ಎಷ್ಟು ಸಾಮಾನ್ಯವೆಂದರೆ, ವೈದ್ಯರು ಆ ಮುರಿತವನ್ನು ಬಾಕ್ಸರರ ಹೆಸರಿನಿಂದಲೇ ಕರೆಯುತ್ತಾರೆ. ಮುರಿದ ಕೈಯಿಂದ ಹಿಡಿತ ಸಾಧ್ಯವಿಲ್ಲ. ಹಿಡಿತವನ್ನೇ ನಂಬಿದವನು ಒಂದು ಗುದ್ದಿನ ಮೋಹದಲ್ಲಿ ತನ್ನ ಮೂಲಧನವನ್ನೇ ಕಳೆದುಕೊಂಡಂತಾಗುತ್ತದೆ.

ಕಾನೂನಿನ ದೃಷ್ಟಿಯೂ ಇಲ್ಲಿ ಪ್ರಸ್ತುತ. 1907ರ ಜಪಾನಿನ ದಂಡಸಂಹಿತೆಯ 36ನೆಯ ವಿಧಿ, ಎದುರಿಗೆ ಬಂದೊದಗಿದ ಅನ್ಯಾಯದ ಆಕ್ರಮಣವನ್ನು ತಡೆಯಲು ಅನಿವಾರ್ಯವಾಗಿ ಮಾಡಿದ ಕೃತ್ಯವನ್ನು ಶಿಕ್ಷಿಸುವುದಿಲ್ಲ. ಆದರೆ ರಕ್ಷಣೆಯ ಮೇರೆ ಮೀರಿದರೆ ಶಿಕ್ಷೆ ಕಡಿಮೆಯಾಗಬಹುದು ಅಥವಾ ಮನ್ನಾ ಆಗಬಹುದು ಎಂದಷ್ಟೇ ಹೇಳುತ್ತದೆ. ಮೀರಿದ್ದು ತಪ್ಪಲ್ಲವೆಂದು ಹೇಳುವುದಿಲ್ಲ. ಮೇರೆ ಎಲ್ಲಿದೆಯೆಂದು ತಿಳಿಯುವ ಕೈ ಬೇಕು. ಅದನ್ನು ತರಬೇತಿಯೇ ಕೊಡಬೇಕು.

ಈ ವಿವೇಚನೆಯಿಂದ ಆಯ್ಕೆಗೆ ನಾಲ್ಕು ಒರೆಗಲ್ಲುಗಳು ದೊರೆಯುತ್ತವೆ. ಆ ವಿದ್ಯೆ ಹೊಡೆತವನ್ನು ನಿಲ್ಲಿಸುವುದನ್ನೂ ಕಲಿಸುತ್ತದೆಯೇ? ಅದರ ಹೊಡೆತ ಹಿಡಿತಕ್ಕೆ ದಾರಿ ಮಾಡಿಕೊಡುತ್ತದೆಯೇ? ಅದರ ನಿಲುವು ಮತ್ತು ನಡೆ ಜುಜುತ್ಸುವಿನ ನಿಲುವಿಗೆ ಹೊಂದುತ್ತವೆಯೇ? ಅದರ ಅಭ್ಯಾಸ ಜೊತೆಗಾರನ ದೇಹವನ್ನು ಕಾಪಾಡುತ್ತದೆಯೇ?

ನಾಲ್ಕು ದಾರಿಗಳು

ಬಾಕ್ಸಿಂಗಿನ ಜಮಾ ದೊಡ್ಡದು. ಹೆಜ್ಜೆ ಇಡುವ ಕ್ರಮ, ದೂರವನ್ನು ಕಣ್ಣಳತೆಯಲ್ಲಿ ತಿಳಿಯುವುದು, ಗದ್ದವನ್ನು ಕಾಪಾಡಿಕೊಳ್ಳುವುದು, ಬರುವ ಗುದ್ದನ್ನು ಕಣ್ಣುಮುಚ್ಚದೆ ನೋಡುವುದು: ಇಷ್ಟನ್ನು ಅಷ್ಟು ಬೇಗ ಕಲಿಸುವ ವಿದ್ಯೆ ಬೇರೊಂದಿಲ್ಲವೆನ್ನಬಹುದು. ಖರ್ಚಿನ ಬದಿಯಲ್ಲಿ ಕೈಗವಸಿದೆ. ದಪ್ಪ ಕೈಗವಸಿನೊಳಗೆ ಸುರಕ್ಷಿತವಾಗಿ ಕೊಟ್ಟ ಗುದ್ದನ್ನು ಬರಿಗೈಯಿಂದ ಕೊಟ್ಟರೆ ಬೆರಳು ಉಳಿಯುವುದು ಸಂಶಯ. ಅದಕ್ಕಿಂತ ಮುಖ್ಯವಾದುದು, 1867ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನು ತಂದಂತೆಯೇ ಮಲ್ಲಹಿಡಿತವನ್ನು ನಿಷೇಧಿಸಿದವು. ಇಬ್ಬರು ತಬ್ಬಿಕೊಂಡೊಡನೆ ತೀರ್ಪುಗಾರ ಬಂದು ಬಿಡಿಸುತ್ತಾನೆ. ಜುಜುತ್ಸು ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಯೇ ಬಾಕ್ಸಿಂಗ್ ನಿಲ್ಲುತ್ತದೆ. ಎರಡನ್ನೂ ಕಲಿತವನು ನಡುವಣ ಸೇತುವೆಯನ್ನು ತಾನೇ ಕಟ್ಟಿಕೊಳ್ಳಬೇಕು.

ಮುಯ್ ಥಾಯ್‌ನಲ್ಲಿ ಆ ಸೇತುವೆ ಸಿದ್ಧವಾಗಿದೆ. ಮುಷ್ಟಿ, ಮೊಣಕೈ, ಮಂಡಿ, ಮೊಣಕಾಲಿನ ಕೆಳಗಿನ ಮುಂಗಾಲೆಲುಬು ಎಲ್ಲವನ್ನೂ ಬಳಸುವ ಈ ವಿದ್ಯೆ ಎದುರಾಳಿಯ ಕೊರಳನ್ನು ಎರಡು ಕೈಗಳಿಂದ ಹಿಡಿದು ಹೋರಾಡುವುದನ್ನು ವಿಸ್ತಾರವಾಗಿ ಕಲಿಸುತ್ತದೆ. ಕೌಶಲದ ದೃಷ್ಟಿಯಿಂದ ಜುಜುತ್ಸುವಿಗೆ ಅತಿ ಹತ್ತಿರದ ನೆರೆಮನೆ ಇದೇ ಎಂದರೂ ತಪ್ಪಾಗದು. ಆದರೆ ಸ್ವಲ್ಪ ನಿಂತು ನೋಡಿದರೆ ಸಂಬಂಧ ತಿರುಗುಮುರುಗಾಗಿರುವುದು ಕಾಣುತ್ತದೆ. ಜುಜುತ್ಸುವಿನಲ್ಲಿ ಹಿಡಿಯಲೆಂದು ಹೊಡೆಯುತ್ತಾರೆ. ಇಲ್ಲಿ ಬಹುತೇಕ ಹೊಡೆಯಲೆಂದು ಹಿಡಿಯುತ್ತಾರೆ. ಕೊರಳಿಗೆ ಹಾಕಿದ ಕೈ ಎದುರಾಳಿಯನ್ನು ಮಂಡಿಯ ಪೆಟ್ಟಿಗೆ ಎಳೆದು ತರುತ್ತದೆ. ಭಯದ ಕ್ಷಣದಲ್ಲಿ ಯಾವ ಕ್ರಮ ಮೇಲೆದ್ದು ಬರುತ್ತದೆಂಬುದು ವಿದ್ಯಾರ್ಥಿ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಟೇಕ್ವಾಂಡೋ ಎಂಬ ಹೆಸರು ಬಂದುದು 1955ರಲ್ಲಿ. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಅದು ಪದಕದ ಕ್ರೀಡೆ. ಎದುರಾಳಿಯನ್ನು ದೂರದಲ್ಲೇ ತಡೆದು ನಿಲ್ಲಿಸುವ ಕಾಲಿನ ಚುರುಕು ಅದರ ಸಂಪತ್ತು. ಆದರೆ ಕ್ರೀಡೆಯ ನಿಯಮಗಳಲ್ಲಿ ಹಿಡಿಯುವಂತಿಲ್ಲ, ಮುಷ್ಟಿಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಎತ್ತಿದ ಕಾಲು ಎದುರಾಳಿಯ ಕೈಗೆ ಸಿಕ್ಕರೆ ಉಳಿಯುವುದು ಒಂದೇ ಕಾಲು. ಸಮತೋಲವನ್ನೇ ಪ್ರಾಣವೆಂದು ನಂಬಿದ ಜುಜುತ್ಸುವಿನವನಿಗೆ ಈ ವ್ಯಾಪಾರ ಅಷ್ಟಾಗಿ ಹೊಂದುವುದಿಲ್ಲ.

ಕರಾಟೆ ಎಂಬ ಒಂದೇ ಹೆಸರಿನಡಿ ಬಹಳ ಭಿನ್ನವಾದ ಪಂಥಗಳಿವೆ. ಓಯಾಮಾ ಮಾಸುತಾತ್ಸು ಅವರು ಕಟ್ಟಿದ ಕ್ಯೋಕುಶಿನ್ ಪಂಥದಲ್ಲಿ ಪೂರ್ಣಬಲದ ಹೊಡೆತಗಳಿವೆ, ಆದರೆ ಸ್ಪರ್ಧೆಯಲ್ಲಿ ಮುಷ್ಟಿಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಶೋಟೋಕಾನ್ ಪಂಥದಲ್ಲಿ ಉದ್ದನೆಯ ತಗ್ಗಿದ ನಿಲುವು. ಓಕಿನಾವಾ ದ್ವೀಪದ ಗೋಜು ಪಂಥದಲ್ಲಿ ಹತ್ತಿರದಿಂದ ಹೊಡೆಯುವ, ಹಿಡಿಯುವ ಕ್ರಮಗಳು. ಇವುಗಳಲ್ಲಿ ಜುಜುತ್ಸುವಿನ ಕಣ್ಣಿನಿಂದಲೇ ಕರಾಟೆಯನ್ನು ನೋಡಿ, ಅಳೆದು, ಆರಿಸಿಕೊಂಡ ಪಂಥವೊಂದಿದೆ. ಅದರ ಕಥೆ ಪ್ರಸ್ತುತ ಪ್ರಶ್ನೆಗೆ ನೇರವಾದ ಉತ್ತರದಂತಿದೆ.

ಬ್ಯಾಂಕಿನ ಗುಮಾಸ್ತನ ಆಯ್ಕೆ

ಓಟ್ಸುಕಾ ಹಿರೋನೋರಿ 1892ರಲ್ಲಿ ಜಪಾನಿನ ಇಬಾರಾಕಿ ಪ್ರಾಂತದಲ್ಲಿ, ವೈದ್ಯರ ಮಗನಾಗಿ ಹುಟ್ಟಿದರು. ಬಾಲ್ಯದಲ್ಲೇ ಜುಜುತ್ಸು ಅಭ್ಯಾಸ ಆರಂಭವಾಯಿತು. ಮುಂದೆ ಶಿಂಡೋ ಯೋಶಿನ್ ಎಂಬ ಪರಂಪರೆಯಲ್ಲಿ ನಾಕಾಯಾಮಾ ತಾತ್ಸುಸಾಬುರೋ ಅವರ ಶಿಷ್ಯರಾದರು. ವಾಸೆದಾ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಓದುತ್ತಿದ್ದಾಗ ತಂದೆ ತೀರಿಕೊಂಡರು. ಓದು ಮೊಟಕಾಗಿ ಅವರು ಕವಾಸಾಕಿ ಬ್ಯಾಂಕಿನ ಗುಮಾಸ್ತರಾದರು. ಹಗಲು ಲೆಕ್ಕದ ಪುಸ್ತಕ, ಬಿಡುವಿನಲ್ಲಿ ಗರಡಿ. ಲೋಕದ ವ್ಯವಹಾರದ ನಡುವೆಯೇ ವಿದ್ಯೆಯನ್ನು ಉಳಿಸಿಕೊಂಡ ಗೃಹಸ್ಥ ಅವರು.

1922ರಲ್ಲಿ ಓಕಿನಾವಾದ ಶಾಲಾಶಿಕ್ಷಕ ಫುನಾಕೋಶಿ ಗಿಚಿನ್ ಟೋಕಿಯೋಗೆ ಬಂದು, ಶಿಕ್ಷಣ ಇಲಾಖೆಯ ವ್ಯಾಯಾಮ ಪ್ರದರ್ಶನದಲ್ಲಿ ಕರಾಟೆಯನ್ನು ತೋರಿಸಿದರು. ಕಾನೋ ಜಿಗೋರೋ ಅವರ ಆಹ್ವಾನದ ಮೇರೆಗೆ ಕೊಡೋಕಾನಿನಲ್ಲೂ ಪ್ರದರ್ಶನ ನಡೆಯಿತು. ಹಿಡಿತದ ವಿದ್ಯೆಯ ಹಿರಿಯ ಗುರು ಹೊಡೆತದ ವಿದ್ಯೆಯ ಅತಿಥಿಯನ್ನು ಮನೆಗೆ ಕರೆದು ಗೌರವಿಸಿದ ಆ ನಡತೆ ಸಣ್ಣದೇನಲ್ಲ. ಅದೇ ವರ್ಷ, ಮೂವತ್ತು ವಯಸ್ಸಿನ ಓಟ್ಸುಕಾ ಅವರು, ಓಕಿನಾವಾ ವಿದ್ಯಾರ್ಥಿಗಳ ವಸತಿಗೃಹದಲ್ಲಿ ತಂಗಿದ್ದ ಫುನಾಕೋಶಿಯವರನ್ನು ಕಂಡು ಶಿಷ್ಯತ್ವ ಕೇಳಿದರು. ಜುಜುತ್ಸುವಿನಲ್ಲಿ ಪಳಗಿದ ಮೇಲೂ ಇನ್ನೊಂದು ವಿದ್ಯೆಯ ಮೊದಲ ಪಾಠಕ್ಕೆ ಚಾಪೆಯ ತುದಿಯಲ್ಲಿ ಕುಳಿತುಕೊಳ್ಳಲು ಅಹಂಕಾರ ಅಡ್ಡಬರಲಿಲ್ಲ. 1924ರಲ್ಲಿ ಫುನಾಕೋಶಿಯವರು ಮೊದಲ ಬಾರಿಗೆ ಕೆಲವೇ ಶಿಷ್ಯರಿಗೆ ಕಪ್ಪುಪಟ್ಟಿ ಕೊಟ್ಟಾಗ ಅವರಲ್ಲಿ ಓಟ್ಸುಕಾ ಒಬ್ಬರು.

ಅವರಿಗೆ ಕರಾಟೆಯಲ್ಲಿ ಕಂಡುದು ಎರಡು. ಜುಜುತ್ಸುವಿನಲ್ಲಿ ಮಂಕಾಗಿದ್ದ ಹೊಡೆತದ ಅಲಗು ಇಲ್ಲಿ ಹರಿತವಾಗಿತ್ತು. ಅಂತೆಯೇ ಕರಾಟೆಯ ಕೊರತೆಯೂ ಕಂಡಿತು. ಫುನಾಕೋಶಿಯವರ ಪಾಠದಲ್ಲಿ ಒಬ್ಬಂಟಿಯಾಗಿ ಮಾಡುವ ಕಾತಾಗಳೇ ಪ್ರಧಾನ. ಎದುರಿಗೆ ಒಬ್ಬನನ್ನು ನಿಲ್ಲಿಸಿಕೊಂಡು ಸೆಣಸುವುದನ್ನು ಅವರು ಮೆಚ್ಚುತ್ತಿರಲಿಲ್ಲ. ಕರಾಟೆ ಕಲಿತವನು ಎಂದಿಗೂ ಮೊದಲು ಕೈಯೆತ್ತಬಾರದೆಂಬುದು ಅವರ ಬೋಧನೆಯ ಸಾರ. ಮುಕ್ತ ಸೆಣಸಾಟ ಆ ಸಂಯಮವನ್ನು ಸಡಿಲಿಸೀತೆಂಬ ಅಂಜಿಕೆ ಅವರಿಗಿದ್ದಿರಬೇಕು. ಜುಜುತ್ಸುವಿನಿಂದ ಬಂದ ಓಟ್ಸುಕಾ ಅವರಿಗೋ, ಎದುರಾಳಿಯಿಲ್ಲದ ವಿದ್ಯೆ ಗಿರಾಕಿಯಿಲ್ಲದ ಅಂಗಡಿಯಂತೆ ತೋರಿರಬೇಕು. ಅವರು ಜೋಡಿ ಅಭ್ಯಾಸಗಳನ್ನು ರೂಪಿಸಿದರು. ಯಾರು ಹೊಡೆಯಬೇಕು, ಹೇಗೆ ಹೊಡೆಯಬೇಕು, ಮತ್ತೊಬ್ಬನು ಹೇಗೆ ಸರಿದು ಹಿಡಿದು ಕೆಡವಬೇಕು ಎಂಬುದೆಲ್ಲ ಮುಂಚಿತವಾಗಿ ಗೊತ್ತಾದ ಅಭ್ಯಾಸಗಳವು. ಚೂರಿ ಹಿಡಿದವನ, ಕತ್ತಿ ಹಿಡಿದವನ ಎದುರು ಮಾಡುವ, ಮಂಡಿಯೂರಿ ಕುಳಿತೇ ಮಾಡುವ ಜುಜುತ್ಸುವಿನ ಪಟ್ಟುಗಳೂ ಅದರಲ್ಲಿ ಸೇರಿದವು. ಮೋತೋಬು ಚೋಕಿ ಮತ್ತು ಮಾಬುನಿ ಕೆನ್ವಾ ಅವರಿಂದಲೂ ಅವರು ಕಲಿತರು. ಕಾಲಕ್ರಮದಲ್ಲಿ ಗುರುಶಿಷ್ಯರ ದಾರಿಗಳು ಬೇರೆಯಾದವು. 1934ರಲ್ಲಿ ಓಟ್ಸುಕಾ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅವರ ಪಂಥಕ್ಕೆ 'ವಾಡೋ' ಎಂಬ ಹೆಸರು ನಿಂತಿತು. 'ವಾ' ಎಂದರೆ ಸಾಮರಸ್ಯ, ಶಾಂತಿ. 'ಡೋ' ಎಂದರೆ ಮಾರ್ಗ.

ಹೊಸ ವಿದ್ಯೆಯಿಂದ ಅವರು ಏನನ್ನು ಪಡೆದರು, ಏನನ್ನು ಬಿಟ್ಟರು ಎಂಬುದರಲ್ಲಿ ಈ ಕಥೆಯ ತಿರುಳಿದೆ. ಗುದ್ದು ಮತ್ತು ಒದೆಗಳ ನೇರವನ್ನು, ವೇಗವನ್ನು ಪಡೆದರು. ಬಲಕ್ಕೆ ಬಲವನ್ನು ಎದುರೊಡ್ಡಿ ತಡೆಯುವ ಕ್ರಮವನ್ನು ಸಡಿಲಿಸಿದರು. ಬರುವ ಹೊಡೆತದ ದಾರಿಯಿಂದ ದೇಹವನ್ನು ಸ್ವಲ್ಪವೇ ತಿರುಗಿಸಿ ಸರಿಯುವುದು, ಅದನ್ನು ಪಕ್ಕಕ್ಕೆ ಹರಿಯಬಿಡುವುದು, ಆ ಹರಿವಿನ ಮೇಲೆ ತಾನು ಏರಿ ಒಳಹೊಗುವುದು: ಇವೇ ವಾಡೋ ಪಂಥದ ಮೂಲಸೂತ್ರಗಳು. ನಿಲುವು ಎತ್ತರದ್ದು, ಸಹಜವಾದದ್ದು; ಅಲ್ಲಿಂದ ಹಿಡಿತಕ್ಕೆ ಜಾರಲು ಅಡ್ಡಿಯಿಲ್ಲ. ತಪ್ಪಿಸಿಕೊಂಡ ಹೆಜ್ಜೆಯೇ ಹಿಡಿತದ ಮೊದಲ ಹೆಜ್ಜೆಯಾಗುತ್ತದೆ. ಹಲಗೆಗೆ ಗುದ್ದಿ ಗುದ್ದಿ ಕೈಯನ್ನು ಕಲ್ಲಾಗಿಸುವ ಅಭ್ಯಾಸಕ್ಕೆ ಇಲ್ಲಿ ಉಳಿದೆಡೆಗಳಷ್ಟು ಮಹತ್ವವಿಲ್ಲ. ಹಿಡಿಯಬೇಕಾದ ಕೈ ಮೃದುವಾಗಿಯೇ ಇರಬೇಕಲ್ಲವೇ?

ಅನುಭವಿ ವರ್ತಕನು ಹಳೆಯ ಅಂಗಡಿಗೆ ಪಾಲುದಾರನನ್ನು ಸೇರಿಸಿಕೊಳ್ಳುವಾಗ ಬಂಡವಾಳದ ಗಾತ್ರವನ್ನು ಮಾತ್ರ ನೋಡುವುದಿಲ್ಲ. ಅವನ ವ್ಯವಹಾರದ ರೀತಿ ಅಂಗಡಿಯ ಮರ್ಯಾದೆಗೆ ಹೊಂದುತ್ತದೆಯೇ ಎಂದು ನೋಡುತ್ತಾನೆ. ಓಟ್ಸುಕಾ ಮಾಡಿದ್ದು ಅದನ್ನೇ. ಸ್ವಭಾವ ಹೊಂದಿದಷ್ಟನ್ನು ಒಳಗೆ ಕರೆದರು; ಉಳಿದುದನ್ನು ನಮಸ್ಕರಿಸಿ ಬಿಟ್ಟರು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಜಪಾನಿನ ಜುಜುತ್ಸು ಗುರುಗಳಲ್ಲಿ ಅನೇಕರು ಮುರಿದ ಮೂಳೆ ಕೂಡಿಸುವ, ತಪ್ಪಿದ ಕೀಲು ಸರಿಪಡಿಸುವ ವೈದ್ಯವನ್ನೂ ಬಲ್ಲವರಾಗಿದ್ದರು. ಓಟ್ಸುಕಾ ಅವರೂ ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಇಂಥ ಗಾಯಗಳ ಚಿಕಿತ್ಸೆಯನ್ನು ವೃತ್ತಿಯಾಗಿಸಿಕೊಂಡರು. ಹೊಡೆತದಿಂದ ಏನಾಗುತ್ತದೆಂಬುದನ್ನು ಊದಿದ ಮಣಿಕಟ್ಟಿನ ಮೇಲೆ, ಮುರಿದ ಪಕ್ಕೆಲುಬಿನ ಮೇಲೆ ಬೆರಳಿಟ್ಟು ತಿಳಿದವರು ಅವರು. ಹೊಡೆಯಲು ಕಲಿಸುವವನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಇರಲಾರದು. ಅವರು 1982ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ ತೀರಿಕೊಂಡರು.

ಒಂದು ಆಕ್ಷೇಪ

ಇಷ್ಟು ಹೇಳಿದ ಮೇಲೆ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಬೇಕು. ಕರಾಟೆಯ ಅನೇಕ ಪಂಥಗಳಲ್ಲಿ ಹೊಡೆತವನ್ನು ಗುರಿಯ ಅಂಚಿನಲ್ಲಿ, ಕೂದಲೆಳೆಯ ಅಂತರದಲ್ಲಿ ನಿಲ್ಲಿಸುವ ಪದ್ಧತಿಯಿದೆ. ಸದಾ ನಿಲ್ಲಿಸುವುದನ್ನೇ ಕಲಿತ ಕೈ ಪ್ರಾಣಾಪಾಯದ ದಿನವೂ ಗಾಳಿಯಲ್ಲಿಯೇ ನಿಂತುಬಿಡುವುದಿಲ್ಲವೇ? ಒಮ್ಮೆಯೂ ಪೆಟ್ಟು ತಿನ್ನದವನು ಮೊದಲ ಪೆಟ್ಟಿಗೇ ದಿಙ್ಮೂಢನಾಗುವುದಿಲ್ಲವೇ? ಮಾಡಿದ್ದನ್ನೇ ಕೈ ಮತ್ತೆ ಮಾಡುತ್ತದೆಂದು ಮೇಲೆ ಹೇಳಿದ ಮಾತು ಇಲ್ಲಿ ಅದೇ ವಾದದ ವಿರುದ್ಧ ತಿರುಗಿ ನಿಲ್ಲುತ್ತದೆ.

ಆಕ್ಷೇಪದಲ್ಲಿ ಹುರುಳಿದೆ. ಸೋಂಕದ ಹೊಡೆತಗಳ ಬಗೆಗಿನ ಇಂಥ ಅತೃಪ್ತಿಯಿಂದಲೇ ಕ್ಯೋಕುಶಿನ್‌ನಂಥ ಪಂಥಗಳು ಹುಟ್ಟಿದವು. ಸಂಯಮವೆಂದರೆ ಶಕ್ತಿಯಿದ್ದೂ ತಡೆಯುವುದು. ಶಕ್ತಿಯೇ ಇಲ್ಲದವನು ತಡೆಯುವುದಕ್ಕೆ ಆ ಹೆಸರು ಸಲ್ಲದು. ತನ್ನ ಹೊಡೆತ ನಿಜವಾಗಿ ತಗಲಿದರೆ ಏನಾಗುತ್ತದೆಂದು ತಿಳಿಯದವನಿಗೆ ಅದನ್ನು ಅಳೆದು ಕೊಡುವುದೂ ತಿಳಿಯದು. ಆದ್ದರಿಂದ ಮರಳಿನ ಚೀಲದ ಮೇಲೆ ಪೂರ್ಣಬಲದಿಂದ ಹೊಡೆಯುವ ಅಭ್ಯಾಸ ಬೇಕು. ಜೊತೆಗಾರನೊಡನೆ ರಕ್ಷಾಕವಚ ತೊಟ್ಟು, ಹಗುರವಾದ ಬಲದಲ್ಲಿ, ಮುಕ್ತವಾಗಿ ಸೆಣಸುವುದೂ ಬೇಕು. ಹೊಡೆತ ಬರುತ್ತಿರುವಾಗ ಉಸಿರು ಹಿಡಿಯದೆ ನೋಡುವ ಧೈರ್ಯ ಅಲ್ಲಿಯೇ ಬರತಕ್ಕದ್ದು. ಇದಕ್ಕಾಗಿ ಬಾಕ್ಸಿಂಗಿನ ಗರಡಿಯಲ್ಲಿ ಕೆಲವು ತಿಂಗಳು ರಕ್ಷಣೆಯ ಪಾಠಗಳನ್ನು ಕಲಿಯುವುದು ಯೋಗ್ಯ. ಅಲ್ಲಿಂದ ಮನೆಗೆ ತರಬೇಕಾದುದು ಕಣ್ಣು ಮತ್ತು ಕಾಲಿನ ಎಚ್ಚರ. ಎದುರಾಳಿಯನ್ನು ಮೂರ್ಛೆಗೆಡಹುವ ಹಂಬಲವನ್ನು ಅಲ್ಲಿಯೇ ಬಿಟ್ಟುಬರಬಹುದು.

ಇದರೊಡನೆ ಕೆಲವು ಸರಳ ನಿಯಮಗಳು ಉಪಕಾರಿ. ತಲೆಗೆ ಮುಷ್ಟಿಯ ಬದಲು ಅಂಗೈಯ ಬುಡದಿಂದ ಹೊಡೆದರೆ ಬೆರಳಿನ ಮೂಳೆಗಳು ಉಳಿಯುತ್ತವೆ, ತೆರೆದ ಕೈ ಆ ಕೂಡಲೇ ಹಿಡಿತಕ್ಕೆ ತಿರುಗುತ್ತದೆ. ಎತ್ತರದ ಒದೆಗಿಂತ ಸೊಂಟದ ಕೆಳಗಿನ ಒದೆ ಸಮತೋಲಕ್ಕೆ ಹಿತ. ಪ್ರತಿಯೊಂದು ಜೋಡಿ ಅಭ್ಯಾಸವೂ ಹೊಡೆತದಲ್ಲಿ ಮುಗಿಯದೆ ಹಿಡಿತದಲ್ಲಿ, ಇಲ್ಲವೇ ಸುರಕ್ಷಿತವಾಗಿ ಹಿಂದೆ ಸರಿಯುವುದರಲ್ಲಿ ಮುಗಿಯಲಿ. ಸಾವಿರ ಸಲ ಹಾಗೆ ಮುಗಿಸಿದ ಕೈ, ಸಾವಿರದ ಒಂದನೆಯ ಸಲವೂ ಹಾಗೆಯೇ ಮುಗಿಸಲು ಹಂಬಲಿಸುತ್ತದೆ.

ಜೊತೆಗಾರನ ಋಣ

ಆತ್ಮರಕ್ಷಣೆಯ ಮಾತಾಡುವಾಗ ಜನರ ಕಣ್ಣಮುಂದೆ ಬರುವುದು ದುಷ್ಟನೊಬ್ಬನ ಚಿತ್ರ. 1928ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲಂಡ್ ಬಾಕ್ಸರರ ಬಗ್ಗೆ ಬರೆದ ಲೇಖನ ತೋರಿಸಿದ ಚಿತ್ರ ಬೇರೆ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರು ವರ್ಷಗಳ ಮೇಲೆ ಕುಡಿದವರಂತೆ ತೂರಾಡುವುದು, ಮಾತು ತೊದಲುವುದು, ಬುದ್ಧಿ ಮಂಕಾಗುವುದನ್ನು ಅವರು ವೈದ್ಯಲೋಕದ ಮುಂದಿಟ್ಟರು. 1983ರಲ್ಲಿ ವಿಶ್ವ ವೈದ್ಯಕೀಯ ಸಂಘ ಬಾಕ್ಸಿಂಗನ್ನು ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟು ಮಾತ್ರವಲ್ಲ, ಲೆಕ್ಕಕ್ಕೆ ಬಾರದ ಸಣ್ಣ ಪೆಟ್ಟುಗಳೂ ಕೂಡುತ್ತ ಹೋಗಿ ಹಾನಿ ಮಾಡುತ್ತವೆಂದು ಈಗ ತಿಳಿದುಬಂದಿದೆ.

ಈ ಸಂಗತಿಯ ನೈತಿಕ ಭಾರವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ತೂಗುವುದಿಲ್ಲ. ಇಂಥ ವಿದ್ಯೆ ಕಲಿತವರಲ್ಲಿ ಹೆಚ್ಚಿನವರಿಗೆ ಆಯುಷ್ಯದಲ್ಲಿ ಒಮ್ಮೆಯೂ ಆಕ್ರಮಣಕಾರನು ಎದುರಾಗುವುದಿಲ್ಲ. ಅವರು ಕೊಡುವ ಹೊಡೆತಗಳೆಲ್ಲ ಬೀಳುವುದು ಶತ್ರುವಿನ ಮೇಲಲ್ಲ, ಜೊತೆಗಾರನ ಮೇಲೆ. ವಾರಕ್ಕೆ ಮೂರು ಸಂಜೆ ತನ್ನ ದೇಹವನ್ನು ನಂಬಿ ಒಪ್ಪಿಸಿದ ಸ್ನೇಹಿತನ ಮೇಲೆ. ಹಿಡಿತದ ಅಭ್ಯಾಸದಲ್ಲಿ ಅವನು ಕೈತಟ್ಟಿದರೆ ಸಾಕು. ತಲೆಗೆ ಬಿದ್ದ ಗುದ್ದಿಗೆ ಕೈತಟ್ಟುವ ಉಪಾಯವಿಲ್ಲ. ಎಂದೂ ಬಾರದಿರಬಹುದಾದ ಶತ್ರುವಿನ ಭಯಕ್ಕೆ ಎದುರಿಗಿರುವ ಸ್ನೇಹಿತನ ಆರೋಗ್ಯವನ್ನು ಅಡವಿಡುವುದು ಯಾವ ಲೆಕ್ಕದಲ್ಲೂ ಸರಿಹೊಂದದ ವ್ಯವಹಾರ. ಶಕ್ತಿಯ ಸದುಪಯೋಗ ಮತ್ತು ಪರಸ್ಪರ ಶ್ರೇಯಸ್ಸು ಎಂಬೆರಡನ್ನು ಕಾನೋ ಅವರು ಜೂಡೋವಿನ ಆಧಾರತತ್ತ್ವಗಳಾಗಿ ಇಟ್ಟರು. ಹೊಡೆತದ ವಿದ್ಯೆಯನ್ನು ಹುಡುಕುವವನೂ ಈ ಎರಡು ಮಾತುಗಳನ್ನು ಜೊತೆಗಿಟ್ಟುಕೊಂಡು ಹೊರಡಬೇಕು.

ಆದ್ದರಿಂದ ಪಂಥದ ಹೆಸರಿಗಿಂತ ಗುರುವಿನ ನಡತೆ ದೊಡ್ಡದು. ಸೇರುವ ಮುನ್ನ ಎರಡು ಮೂರು ದಿನ ಗರಡಿಯ ಮೂಲೆಯಲ್ಲಿ ಕುಳಿತು ನೋಡುವುದು ಲೇಸು. ಹೊಸಬನಿಗೆ ಪೆಟ್ಟಾದಾಗ ಅಭ್ಯಾಸ ನಿಲ್ಲುತ್ತದೆಯೇ, ನಗು ಏಳುತ್ತದೆಯೇ? ಹಿರಿಯರು ಕಿರಿಯರೊಡನೆ ಬಲ ತಗ್ಗಿಸುತ್ತಾರೆಯೇ? ವಯಸ್ಸಾದವರು, ಹೆಣ್ಣುಮಕ್ಕಳು ಅಲ್ಲಿ ನಿರ್ಭಯವಾಗಿ ಕಲಿಯುತ್ತಿದ್ದಾರೆಯೇ? ತಲೆಗೆ ಬೀಳುವ ಹೊಡೆತಗಳ ಬಗ್ಗೆ ಗುರು ಏನು ಹೇಳುತ್ತಾರೆ? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರ, ಗೋಡೆಯ ಮೇಲೆ ತೂಗುಹಾಕಿದ ಪ್ರಶಸ್ತಿಪತ್ರಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಸಜ್ಜನ ಗುರು ದೊರೆತರೆ ಜುಜುತ್ಸುವಿನವನಿಗೆ ವಾಡೋ ಪಂಥದಂಥ, ಸರಿದು ಒಳಹೊಗುವ ಕರಾಟೆ ಮೊದಲ ಆಯ್ಕೆ. ಅದು ದೊರೆಯದ ಊರಿನಲ್ಲಿ ಬಾಕ್ಸಿಂಗಿನ ರಕ್ಷಣೆಯ ಪಾಠಗಳು, ಇಲ್ಲವೇ ಸಂಯಮವುಳ್ಳ ಗುರುವಿನ ಕೈಕೆಳಗೆ ಮುಯ್ ಥಾಯ್‌ನ ಕೊರಳಹಿಡಿತ ಸಾಕಾದೀತು. ಯಾವುದನ್ನು ಕಲಿತರೂ ಹೊಡೆತ ಸೇವಕನಾಗಿಯೇ ಉಳಿಯಲಿ, ಯಜಮಾನಿಕೆ ಹಿಡಿತದ್ದಾಗಿರಲಿ. ಏಕೆಂದರೆ ಹಿಡಿದ ಕೈಗೆ ಬಿಡುವ ಸ್ವಾತಂತ್ರ್ಯ ಕೊನೆಯವರೆಗೂ ಉಂಟು, ಹೊಡೆದ ಕೈಗೆ ಅದು ಇಲ್ಲ.